ಮಂಜನ ಡೆಮೋಗೆ ಮುಂಚೆ ಹೋದ ಬ್ರಾಕೆಟ್

ಸ್ನೇಹಿತರೇ, ಇಂದು ಬೆಳಿಗ್ಗೆ ಚಂದ್ರಾ ಲೇಔಟಿನ ನಮ್ಮ ರೂಮಿನಲ್ಲಿ ಒಂದು ಬ್ರಾಕೆಟ್ ವೀರಮರಣ ಹೊಂದಿತು.

ರೂಮ್‌ಮೇಟ್ ಮಂಜ ಸ್ನಾನಕ್ಕೆ ಹೋದಾಗ ಅವನ ಕೋಡ್ ಎಡಿಟರಿಗೆ, ಮೌಸ್ ಬಿಟ್ಟು ಕೀಗಳಿಂದಲೇ ಎಲ್ಲ ಮಾಡಿಸುವ ಪ್ಲಗಿನ್ ಒಂದನ್ನು ತಮಾಷೆಗೆ ಹಾಕಿದ್ದೆ. ಅದಿದ್ದರೆ ಕೀ ಒತ್ತಿದಾಗ ಅಕ್ಷರ ಮೂಡುವುದಿಲ್ಲ, ಆಜ್ಞೆ ಜಾರಿಯಾಗುತ್ತದೆ. ಸ್ನಾನ ಮುಗಿಸಿ ಬಂದ ಮಂಜನಿಗೆ ಹತ್ತು ನಿಮಿಷದಲ್ಲಿ ಮ್ಯಾನೇಜರ್ ಮುಂದೆ ತನ್ನ ಪ್ರೋಗ್ರಾಮಿನ ಆನ್‌ಲೈನ್ ಡೆಮೋ. ಬ್ರಾಕೆಟ್ಟಿನೊಳಗಿನ ಒಂದು ಪದ ಬದಲಿಸಲು ಮೌಸಿನಲ್ಲಿ ಆಯ್ದು ಟೈಪ್ ಮಾಡಿದ. ಪದ ಬದಲಾಗಲಿಲ್ಲ, ಕೆಳಗಿನ ಮೂರು ಸಾಲೂ ಆಯ್ಕೆಯಾದವು.

"ಮಗಾ, ಕೀಬೋರ್ಡಿಗೆ ಏನೋ ಆಗಿದೆ ಕಣೋ."

"ಮೌಸ್ ಮುಟ್ಟಿದ ಪಾಪ ಅದು. ಏಳು, ನಾನು ತೋರಿಸ್ತೀನಿ."

ಗಂಭೀರವಾಗಿ ಕುಳಿತು, ಕೀಗಳಿಂದಲೇ ಬ್ರಾಕೆಟ್‌ವರೆಗೆ ಆಯ್ದು ಅಳಿಸಿದೆ. ಈ ಪ್ಲಗಿನ್ ಕರ್ಸರ್ ನಿಂತ ಅಕ್ಷರವನ್ನೂ ಸೇರಿಸಿಕೊಳ್ಳುತ್ತದೆಂಬುದು ನೆನಪಿರಲಿಲ್ಲ. ಪದದ ಜೊತೆ ಬ್ರಾಕೆಟ್ಟೂ ಹೋಯಿತು, ಪ್ರೋಗ್ರಾಂ ನಿಂತಿತು.

"ಪ್ಲಗಿನ್ ಹಾಕುವಾಗ ಸರಿಯಾಗೇ ಇತ್ತಲ್ಲೋ," ಎಂದು ಬಾಯಿತಪ್ಪಿ ಅಂದುಬಿಟ್ಟೆ.

"ಓಹೋ, ಹಾಕಿದ್ದು ನೀನಾ?"

ಮಂಜ ಪ್ಲಗಿನ್ ಕಿತ್ತೆಸೆದು, ಬ್ರಾಕೆಟ್ ತಾನೇ ಹಾಕಿ, ಡೆಮೋ ಚೆನ್ನಾಗಿ ಮುಗಿಸಿದ. ಆಮೇಲೆ ನನ್ನ ಮೌಸನ್ನು ಬ್ಯಾಗಿಗೆ ಹಾಕಿಕೊಂಡು, "ಗುರುಗಳಿಗೆ ಮೌಸ್ ಯಾಕೆ?" ಎನ್ನುತ್ತಾ ಮೆಟ್ರೋ ಹಿಡಿಯಲು ಹೊರಟ.

ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೆಟ್ಟಿರುವುದು ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ಶೋಕವಾರ್ತೆಯನ್ನು ಫೋನಿನಲ್ಲಿ, ಬೆರಳಿನಿಂದ ಕುಟ್ಟುತ್ತಿದ್ದೇನೆ.