ದಿಲ್ಲಿ ವೋಟಿನ ದಿನದ ಟೆಂಪೋ

ಮೊನ್ನೆ ಶಿಗ್ಗಾವಿಯ ಪೆಟ್ರೋಲ್ ಬಂಕಿನಲ್ಲಿ ಗಾಡಿಗೆ ಎಣ್ಣೆ ಹಾಕಿಸಲು ನಿಂತಿದ್ದೆ. ಮುಂದೊಂದು ಟೆಂಪೋ ನಿಂತಿತ್ತು. ಡೀಸೆಲ್ಲು, ಊದುಬತ್ತಿ, ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಮೂರೂ ಕೂಡಿದ ವಾಸನೆ ಅದರೊಳಗಿಂದ ಬಂತು. ಹಿಂದಿನವನು ಹಾರ್ನ್ ಹೊಡೆಯುವ ತನಕ ನನ್ನ ಗಾಡಿ ಮುಂದೆ ಹೋಗಲಿಲ್ಲ. ಕಾಕಾ ನೆನಪಾಗಿದ್ದರು...

ಕಾಕಾ ಅಂದರೆ ರಕ್ತಸಂಬಂಧವೇನಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಶಿಗ್ಗಾವಿಯಿಂದ ಹುಲಗೂರಿಗೆ ಟೆಂಪೋ ಓಡಿಸುತ್ತಿದ್ದರು, ನಾನು ಹುಲಗೂರಿನ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ದಿನಾ ಬೆಳಿಗ್ಗೆ ಅವರ ಪಕ್ಕದ ಸೀಟು ನನ್ನದು. ಅವರ ಭಾಷಣ ಕೇಳುವ ಶಿಕ್ಷೆಯೂ ನನ್ನದೇ.

ಮಾತು ತೆರಿಗೆಯಿಂದ ಶುರುವಾಗಿ ದಿಲ್ಲಿಯಲ್ಲಿ ಮುಗಿಯುತ್ತಿತ್ತು. ರಾಜ್ಯದವರು ಡೀಸೆಲ್ ಮೇಲೆ ತೆರಿಗೆ ಏರಿಸಿದ ದಿನ ಅವರು ಗೇರು ಹಾಕುವ ಸದ್ದೇ ಬೇರೆ. ಸರ್ಕಾರ ರಸ್ತೆ, ಪೊಲೀಸು, ಕೋರ್ಟು ನೋಡಿಕೊಂಡು ಸುಮ್ಮನಿರಬೇಕು, ಉಳಿದದ್ದನ್ನು ಮನುಷ್ಯ ತಾನೇ ದುಡಿದು ಮಾಡಿಕೊಳ್ಳಬೇಕು ಎನ್ನುವವರು ಅವರು.

“ಈ ಕಿಸೇದಾಗಿಂದ ತಗದು ಆ ಕಿಸೇದಾಗ ಇಡಾಕ ಸರಕಾರ ಯಾಕ ಬೇಕ್ರಿ ಮಾಸ್ತರ? ನಿಮ್ಮ ಪಗಾರದಾಗೂ ನನ್ನ ಡೀಸೆಲ್ ಐತಿ. ಚಂದಂಗ ಪಾಠ ಮಾಡ್ರಿ ಮತ್ತ!”

ಶಾಲೆಯ ಮಕ್ಕಳ ಮಧ್ಯಾಹ್ನದ ಊಟವೂ ಅದೇ ತೆರಿಗೆಯದಲ್ಲವೇ ಎಂದು ನಾನು ಕೆಣಕುತ್ತಿದ್ದೆ. ಹುಲಗೂರಿನ ದರ್ಗಾ ಕಾಣುವ ತನಕ ಇಬ್ಬರಲ್ಲಿ ಒಬ್ಬರೂ ಸೋಲುತ್ತಿರಲಿಲ್ಲ.

ಪಂಚಾಯಿತಿ, ವಿಧಾನಸಭೆಯ ಚುನಾವಣೆಗಳು ಅವರಿಗೆ ಅಷ್ಟಕ್ಕಷ್ಟೆ. ದಿಲ್ಲಿ ವೋಟು ಮಾತ್ರ ದೇಶದ್ದು. ಆ ದಿನ ಟೆಂಪೋ ತೊಳೆದು, ಯಾವ ಪಕ್ಷದ ಚೀಟಿಯನ್ನೂ ಅಂಟಿಸದೆ, ಶಿಗ್ಗಾವಿಯಲ್ಲಿದ್ದೂ ಹುಲಗೂರಿನ ಮತದಾರರ ಪಟ್ಟಿಯಲ್ಲೇ ಹೆಸರು ಉಳಿದ ವಯಸ್ಸಾದವರನ್ನೆಲ್ಲ ಪುಕ್ಕಟೆ ಕರೆದೊಯ್ದು ಕರೆತರುತ್ತಿದ್ದರು. ಕಾಕಾ, ಕಾಕಿಯ ಹೆಸರುಗಳೂ ಆ ಪಟ್ಟಿಯಲ್ಲೇ ಇದ್ದವು. ಒಮ್ಮೆ ಚಹಾದಂಗಡಿಯವನು ಛೇಡಿಸಿದ.

“ಪುಕ್ಕಟೆ ಬ್ಯಾಡ ಅಂತೀರಿ, ಇದೇನ್ರಿ ಹಂಗಾರ?”

“ಇದು ನನ್ನ ಡೀಸೆಲ್ ಪಾ. ಊರ ಮಂದೀದಲ್ಲ.”

ಇನ್ನೊಂದು ನೇಮವೂ ಇತ್ತು. ಯಾರಿಗೆ ವೋಟು ಹಾಕಿದಿರಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕೇಳುವುದು ಹೊಲಸು ಕೆಲಸ ಎಂಬುದು ಅವರ ಅಭಿಪ್ರಾಯ. ಮನೆಯಲ್ಲೂ ಅದೇ ನೇಮ.

ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಹೆಂಗಸರು ಬಸ್ಸಿಗೆ ಹೋದರು, ಹೋಗದೆ ಏನು ಮಾಡಿಯಾರು? ಟೆಂಪೋದಲ್ಲಿ ನಾನು, ಕುರಿ ವ್ಯಾಪಾರದ ಒಬ್ಬಿಬ್ಬರು, ಖಾಲಿ ಸೀಟುಗಳು. ಗಾಡಿಯ ತೆರಿಗೆ ಮಾತ್ರ ತಪ್ಪದೆ ಬರುತ್ತಿತ್ತು. ಭಾಷಣ ಕಡಿಮೆಯಾಯಿತು. ಅದನ್ನು ಕೇಳದೆ ನನಗೇ ಬೇಸರವಾಗತೊಡಗಿತು.

ಕಾಕಿಯ ತವರು ಹಾನಗಲ್ಲು. ಮೊದಲು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಈಗ ಅಮಾವಾಸ್ಯೆ ಬಂತೆಂದರೆ ಬಸ್ಸು ಹತ್ತಿ ತಂಗಿಯನ್ನು ನೋಡಿಬರತೊಡಗಿದರು. ಕಾಕಾ ಬೇಡ ಎನ್ನಲಿಲ್ಲ. ಬಿಟ್ಟುಬರಲು ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ.

ಹೀಗಿರುವಾಗ ಪಾರ್ಲಿಮೆಂಟ್ ಚುನಾವಣೆ ಬಂತು. ಅಷ್ಟರಲ್ಲಿ ನಾನು ರಿಟೈರ್ ಆಗಿದ್ದೆ, ಡ್ಯೂಟಿ ಇರಲಿಲ್ಲ. ಬಸ್ಸುಗಳೆಲ್ಲ ಚುನಾವಣೆ ಕೆಲಸಕ್ಕೆ ಹೋಗಿದ್ದವು. ಹುಲಗೂರಿಗೆ ಹೋಗಬೇಕಾದ ಮುದುಕಿಯರು ಬಸ್‌ಸ್ಟ್ಯಾಂಡಿನ ನೆರಳಲ್ಲಿ ಕುಳಿತಿದ್ದರು. ಕಾಕಿಯನ್ನೂ ನನ್ನನ್ನೂ ಕೂರಿಸಿಕೊಂಡು ಕಾಕಾ ಟೆಂಪೋವನ್ನು ಅಲ್ಲಿಗೇ ತಂದು ನಿಲ್ಲಿಸಿದರು. ಯಾರೂ ಮೇಲೇಳಲಿಲ್ಲ. ವರ್ಷದಿಂದ ಆ ಗಾಡಿ ಹತ್ತದವರಿಗೆ ಮುಜುಗರ. ಕೊನೆಗೆ ಒಬ್ಬ ಅಜ್ಜಿ ನೆಟ್ಟಗೆ ಹೇಳಿಬಿಟ್ಟಳು.

“ನಾವು ಫ್ರೀ ಬಸ್ ಬಿಟ್ಟವರಿಗೇ ಹಾಕಾವ್ರು ನೋಡೋ ಯಪ್ಪಾ. ಆಮ್ಯಾಲ ಬೈಬ್ಯಾಡ.”

ಕಾಕಾ ಇಳಿದು ಬಾಗಿಲು ತೆಗೆದರು. “ಯಾರಿಗರ ಹಾಕ್ರಿ. ಮೊದಲ ಹತ್ರಿ, ಬಿಸಲಾಗಾಕತ್ತೈತಿ.”

ಸಂಜೆಯ ತನಕ ಟೆಂಪೋ ಓಡಿತು. ಕಾಕಿ ಮೊದಲ ಸರದಿಯಲ್ಲೇ ಹೋಗಿ ವೋಟು ಹಾಕಿ, ಮುದುಕಿಯರ ನಡುವೆ ಕುಳಿತು ವಾಪಸಾದರು. ಕೊನೆಯ ಸರದಿ ಮುಗಿಸಿ ಖಾಲಿ ಗಾಡಿಯಲ್ಲಿ ನಾವಿಬ್ಬರೇ ಮನೆಗೆ ಬರುವಾಗ ಕಾಕಾ ಬಾಯಿಬಿಟ್ಟರು.

“ನನ್ನ ವೋಟು ಒಂದ ಮಾಸ್ತರ. ಇವತ್ತ ಹೊತಗೊಂಡು ಹೋಗಿದ್ದೆಲ್ಲಾ ಅದರ ಎದುರಿಂದು. ನಮ್ಮ ಮನಿಯಾಕೀನೂ ಅತ್ಲಾಗ ಹಾಕಿರಬೇಕು.”

“ಕೇಳಿಬಿಡ್ರಿ ಮತ್ತ” ಎಂದೆ.

“ಛೆ, ಕೇಳಬಾರದ್ರಿ” ಎಂದರು.

ಮುಂದಿನ ತೆರಿಗೆ ಕಟ್ಟುವ ಹೊತ್ತಿಗೆ ಟೆಂಪೋವನ್ನು ಹಿರೇಕೆರೂರಿನವರೊಬ್ಬರಿಗೆ ಮಾರಿದರು. ಮನೆಯ ಕಟ್ಟೆಯ ಮೇಲೆ ಪೇಪರು ಹಿಡಿದು ಕೂರುತ್ತಿದ್ದರು. ಪುಟ ತಿರುವುತ್ತಿದ್ದರೋ ಇಲ್ಲವೋ... ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಗೋಡೆಯಾಚೆ ಅಳು ಕೇಳಿತು. ಹೋದೆ. ಬೇಕಾದವರಿಗೆಲ್ಲ ಫೋನು ಮಾಡಿದೆ, ಕುರ್ಚಿ ತರಿಸಿದೆ, ಹೆಗಲು ಕೊಟ್ಟೆ. ಅಳು ಮಾತ್ರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಎದೆಯ ಆ ಜಾಗ ಜೋಮು ಹಿಡಿದ ಕಾಲಿನ ಹಾಗಿದೆ, ಮುಟ್ಟಿದರೂ ಗೊತ್ತಾಗುವುದಿಲ್ಲ.

ಮೊನ್ನೆ ಬಂಕಿನಿಂದ ಬಂದವನು ನೆಟ್ಟಗೆ ಕಾಕಿಯ ಮನೆಗೆ ಹೋದೆ. ಅವರು ಬಾಗಿಲಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ವಾಸನೆಯ ವಿಷಯ ಹೇಳಿದೆ. ಮುರಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಅವತ್ತ ಯಾರಿಗೆ ಹಾಕಿದಿ ಅಂತ ಅವರು ಕೇಳಲೇ ಇಲ್ರಿ ಮಾಸ್ತರ.”

“ಕೇಳಿದ್ದರ?”

“ಅವರು ಹಾಕೂ ಮಂದಿಗೇ ನಾನೂ ಹಾಕಿದ್ನಿ. ಬಸ್ಸಿಗೆ ಹೋದ್ರೇನಾತು, ವೋಟು ಬ್ಯಾರೆ ಅಲ್ಲೇನ್ರಿ? ಇವತ್ತ ಕೇಳ್ತಾರ, ನಾಳೆ ಕೇಳ್ತಾರ, ಆವಾಗ ಹೇಳೂಣು ಅಂತ ಸುಮ್ನ ಕುಂತ್ನಿ.”

ಕಾಕಾ ಆ ಸಂಜೆ ಗಾಡಿಯಲ್ಲಿ ಆಡಿದ್ದನ್ನು ನಾನು ಕಾಕಿಗೆ ಹೇಳಲಿಲ್ಲ. ಅವರ ಪಕ್ಕದಲ್ಲಿ ಕುಳಿತು ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡು ತೊಟ್ಟು ಮುರಿಯತೊಡಗಿದೆ.