ನರಸಮ್ಮ ಎಬ್ಬಿಸಿದ ಪೊರೆ

ಎಲೆಯ ಮರ್ಜಿ ಗೊತ್ತಿರುವವರು ನಮ್ಮ ಕಾಲೇಜಿನಲ್ಲಿ ಒಬ್ಬರೇ, ಸಸ್ಯಶಾಸ್ತ್ರದ ಲ್ಯಾಬಿನ ಅಟೆಂಡರ್ ನರಸಮ್ಮ. ಈ ಮಾತು ಹೇಳುವ ನಾನು ಅಲ್ಲಿನ ಗುಮಾಸ್ತ. ದೊಡ್ಡಬಳ್ಳಾಪುರದ ಈ ಕಾಲೇಜಿನಲ್ಲಿ ಯಾರ ದುಡಿಮೆಗೆ ಯಾರು ಹೊಗಳಿಸಿಕೊಂಡರು ಎಂಬುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ರಾಜಘಟ್ಟದ ಈಕೆ ಮೊದಲು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು. ಓದಿದ್ದು ನಾಲ್ಕನೇ ಕ್ಲಾಸು. ಹದಿನೆಂಟು ವರ್ಷ ಲ್ಯಾಬಿನಲ್ಲಿ ನಿಂತು ನೋಡಿಯೇ ಕಲಿತಳು. ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಸವರಬೇಕು, ಒಣಗಿದ ಮೇಲೆ ಸೆಲ್ಲೋಟೇಪ್ ಅಂಟಿಸಿ ಮೆಲ್ಲಗೆ ಎಬ್ಬಿಸಬೇಕು, ಆ ಪೊರೆಯನ್ನು ಗಾಜಿನ ಸ್ಲೈಡಿಗೆ ಒತ್ತಬೇಕು. ಎಲೆ ಉಸಿರಾಡುವ ರಂಧ್ರಗಳ ಅಚ್ಚು ಆಗ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಕೇಳಲು ಸುಲಭ. ಮೂರು ವರ್ಷದ ಹಿಂದೆ ಹೊಸದಾಗಿ ಬಂದ ಉಪನ್ಯಾಸಕಿ ಚೈತ್ರ ಮೇಡಂ ಮಾಡಿದಾಗ ಮಕ್ಕಳೆದುರೇ ಪೊರೆ ಚಿಂದಿಯಾಯಿತು.

ಅವತ್ತು ಸಂಜೆ ನರಸಮ್ಮ ಅವರನ್ನು ಕೂರಿಸಿ ಲ್ಯಾಬಿನ ಬಾಗಿಲು ಹಾಕಿಕೊಂಡಳು. "ಬಾಡಿದ್ದು ಬೇಡ ಮೇಡಂ, ತಾಜಾ ಎಲೆ ತಗೊಳ್ಳಿ. ತೆಳ್ಳಗೆ ಒಂದೇ ಸಲ ಸವರಿ. ಒಣಗ್ಲಿ ಅಂತ ಊದ್ಬೇಡಿ, ಗುಳ್ಳೆ ಏಳ್ತದೆ."

ಮೂರ್ನಾಲ್ಕು ತಿಂಗಳು ಹೀಗೆ ನಡೆಯಿತು. ಅಟೆಂಡರ್ ಹತ್ತಿರ ಕಲಿತರೆಂದು ಮಕ್ಕಳು ಆಡಿಕೊಂಡರೆ ಮೇಡಂ ಮಾನ ಹೋಗುತ್ತದೆಂದು ನರಸಮ್ಮನಿಗೇ ಚಿಂತೆ. ನನ್ನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಆಮೇಲೂ ಪ್ರಾಕ್ಟಿಕಲ್ ದಿನ ಬೇಗ ಬಂದು ಸ್ಲೈಡುಗಳನ್ನೆಲ್ಲ ಮಾಡಿಟ್ಟು, ಮಕ್ಕಳು ಬರುವಷ್ಟರಲ್ಲಿ ಸಿಂಕಿನ ಕಡೆ ಸರಿದುಬಿಡುತ್ತಿದ್ದಳು. ಎಂಥ ಹುಚ್ಚು ದೊಡ್ಡತನ!

ಈ ಜೂನಿನಲ್ಲಿ ಬಂದ ಹೊಸ ಪ್ರಿನ್ಸಿಪಾಲರು, ಲ್ಯಾಬಿಗೆ ಅಟೆಂಡರ್ ಯಾಕೆ, ಗೇಟಿಗೆ ಹಾಕೋಣ ಎಂದರು. ಲ್ಯಾಬ್ ಬಿಟ್ಟರೆ ನರಸಮ್ಮನಿಗೆ ಪ್ರಾಣವೇ ಹೋದಂತೆ. ಆದರೂ ಅವಳು ಧೈರ್ಯವಾಗಿಯೇ ಇದ್ದಳು.

"ಮೇಡಂ ಇದಾರಲ್ಲ ಬಿಡಣ್ಣ, ಒಂದು ಮಾತು ಹೇಳ್ತಾರೆ," ಎಂದಳು ನನಗೆ.

ಪ್ರಿನ್ಸಿಪಾಲರು ನಮ್ಮ ಮೂವರನ್ನೂ ಕೋಣೆಗೆ ಕರೆಸಿದರು. "ಸ್ಲೈಡೆಲ್ಲ ಇವರೇ ಮಾಡ್ತಾರಂತೆ, ಹೌದಾ?" ಎಂದು ಮೇಡಂ ಅವರನ್ನು ಕೇಳಿದರು.

ಚೈತ್ರ ಮೇಡಂ ನರಸಮ್ಮನ ಮುಖ ನೋಡಿಕೊಂಡೇ ಹೇಳಿದರು: "ಇಲ್ಲ ಸರ್, ಅದೆಲ್ಲ ನಾನೇ. ಇವರು ಗ್ಲಾಸ್ ತೊಳ್ಕೊಡ್ತಾರೆ ಅಷ್ಟೆ."

ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟು ಉರಿದರೂ ಬಾಯಿ ಬಿಡಲಿಲ್ಲ, ಆ ನಾಚಿಕೆ ನನ್ನದು. ಗೇಟಿನ ಆದೇಶವನ್ನು ಅರ್ಧ ಗಂಟೆಯಲ್ಲಿ ನಾನೇ ಟೈಪ್ ಮಾಡಿ ನರಸಮ್ಮನ ಕೈಗೆ ಕೊಟ್ಟೆ.

ಕಾರಿಡಾರಿನಲ್ಲಿ ಮೇಡಂ ಹಿಂದೆಯೇ ಬಂದರು. "ತಪ್ಪು ತಿಳ್ಕೋಬೇಡಿ ನರಸಮ್ಮ, ನನ್ನ ಪರಿಸ್ಥಿತಿ ಹಂಗಿತ್ತು. ನಾಳೆ ಪ್ರಾಕ್ಟಿಕಲ್ ಇದೆ. ಗೇಟಿಗೆ ಹೋಗೋ ಮುಂಚೆ ಬಂದು ಸ್ಲೈಡ್ ಮಾಡ್ಕೊಟ್ಬಿಡಿ, ಪ್ಲೀಸ್."

ನರಸಮ್ಮ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕ್ಲಾಸು ಬಿಟ್ಟು ಬರುತ್ತಿದ್ದ ಮಕ್ಕಳೆಲ್ಲ ನಿಂತು ಕೇಳಿದರು.

"ತಿಂಗಳುಗಟ್ಟಲೆ ಕೂರಿಸ್ಕೊಂಡು ಕಲಿಸಿದ್ನಲ್ಲ ಮೇಡಂ, ಇನ್ನೂ ಬರಲ್ವಾ ನಿಮ್ಗೆ?"