ಕೇಸ್ ಹಾಕಿದ ಮೇಲೆ ಬಾಗಿನ ಬರುತ್ತದಾ?

‘ಅಲ್ಲಪ್ಪಾ, ನಮ್ಮಣ್ಣನ ಮೇಲೆ ಕೇಸ್ ಹಾಕಿದ್ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಬತ್ತದಾ?’

ವಿಶಾಲಾಕ್ಷಮ್ಮ ಹೀಗೆ ಕೇಳಿದಾಗ ಕಾನೂನು ಕಾಲೇಜಿನ ಆ ಹಾಲ್‌ನಲ್ಲಿ ನಡೆಯುತ್ತಿದ್ದ ವಾದ ನಿಂತಿತು. ಕರಿ ಕೋಟು ತೊಟ್ಟು, ಕೊರಳಿಗೆ ಬಿಳಿ ಬ್ಯಾಂಡ್ ಕಟ್ಟಿಕೊಂಡು ಕೂತಿದ್ದ ಫೈನಲ್ ಇಯರ್ ಹುಡುಗ ಹುಡುಗಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಚೇತನ್ ಎಂಬುವನು ಎದ್ದು ನಿಂತ. ತರೀಕೆರೆಯವನು. ಕ್ಲಾಸಿಗೇ ಫಸ್ಟು. ಕೋಟಿನ ಗುಂಡಿ ಸರಿ ಮಾಡಿಕೊಂಡು ಬಹಳ ವಿಶ್ವಾಸದಿಂದ ಹೇಳಿದ: ‘ಕಾನೂನಿನಲ್ಲಿ ಅದಕ್ಕೆ ಯಾವುದೇ ಅಡ್ಡಿ ಇಲ್ಲ, ಮೇಡಂ.’

ನೀವು ನಕ್ಕಿರಿ ತಾನೇ? ನಾನೂ ನಕ್ಕೆ. ವಿಶಾಲಾಕ್ಷಮ್ಮ ಮಾತ್ರ ನಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಕಡೂರಿನಲ್ಲಿ ವಕೀಲಿ ಮಾಡಿಕೊಂಡು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ನನ್ನನ್ನು ಒಂದು ಕಾನೂನು ಕಾಲೇಜಿನವರು ಅಣಕು ನ್ಯಾಯಾಲಯಕ್ಕೆ ಜಡ್ಜ್ ಆಗಿ ಕರೆದಿದ್ದರು. ಅಣಕು ನ್ಯಾಯಾಲಯ ಹೇಗಿರುತ್ತದೆ ಗೊತ್ತಲ್ಲ? ಒಂದು ಹಾಳೆಯಲ್ಲಿ ಕಥೆ ಪ್ರಿಂಟ್ ಮಾಡಿ ಕೊಡುತ್ತಾರೆ. ‘ಎ’ ಎಂಬುವನು ‘ಬಿ’ಗೆ ಜಮೀನು ಮಾರಿದ, ‘ಬಿ’ ಅದನ್ನೇ ‘ಸಿ’ಗೆ ಮಾರಿದ, ಈಗ ‘ಸಿ’ ಕೋರ್ಟಿಗೆ ಬಂದಿದ್ದಾನೆ. ಅರ್ಧ ಜನ ವಾದಿ ಕಡೆ, ಇನ್ನರ್ಧ ಪ್ರತಿವಾದಿ ಕಡೆ. ಇಂಗ್ಲಿಷಿನಲ್ಲಿ ವಾದ, ನಡುನಡುವೆ ‘ಮೈ ಲಾರ್ಡ್’. ಕೊನೆಗೆ ಟ್ರೋಫಿ, ಸರ್ಟಿಫಿಕೇಟು, ಕೇಸರಿಬಾತು.

ಈ ಎ, ಬಿ, ಸಿಗಳನ್ನು ಇಷ್ಟು ವರ್ಷಗಳಲ್ಲಿ ನಮ್ಮ ಕೋರ್ಟಿನಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ನಮ್ಮಲ್ಲಿಗೆ ಬರುವ ಕಕ್ಷಿದಾರ ಹಾಳೆಯಲ್ಲಿ ಪ್ರಿಂಟ್ ಆಗಿ ಬರುವುದಿಲ್ಲ. ಸಿಂಗಟಗೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಾನೆ. ಮೊದಲು ಕುಡಿಯಲು ನೀರು ಕೇಳುತ್ತಾನೆ. ಮಗಳಿಗೆ ಗಂಡು ನೋಡುತ್ತಿರುವುದನ್ನು ಹೇಳುತ್ತಾನೆ, ಪಕ್ಕದವನ ಎಮ್ಮೆ ಹೊಲಕ್ಕೆ ನುಗ್ಗಿದ್ದನ್ನು ಹೇಳುತ್ತಾನೆ, ಹಿಂದಿನ ವಕೀಲರನ್ನು ಒಂದಿಷ್ಟು ಬೈಯುತ್ತಾನೆ. ನಿಜವಾದ ವಿಷಯವನ್ನು ಹೇಳುವುದು ಎಲ್ಲ ಮುಗಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ. ಅಲ್ಲಿಯವರೆಗೆ ಕಾಯುವುದೇ ನಮ್ಮ ವೃತ್ತಿಯ ಅರ್ಧ ಪಾಲು. ಇದನ್ನು ಯಾವ ಕಾಲೇಜು ಕಲಿಸುತ್ತದೆ?

ಹಾಗಾಗಿ ಈ ಸಲ ಪ್ರಿನ್ಸಿಪಾಲರಿಗೆ ಹೇಳಿದೆ: ‘ಹಾಳೆ ಬೇಡ ಸರ್. ಒಬ್ಬರನ್ನು ಕರೆದುಕೊಂಡು ಬರುತ್ತೇನೆ. ಮಕ್ಕಳೇ ಕೇಳಿ ಕಥೆ ತಿಳಿದುಕೊಳ್ಳಲಿ.’

‘ಸಿಲಬಸ್‌ನಲ್ಲಿ ಇಲ್ಲವಲ್ಲ ಮೇಡಂ.’

‘ಕೇಸರಿಬಾತೂ ಸಿಲಬಸ್‌ನಲ್ಲಿ ಇಲ್ಲ ಸರ್.’

ಒಪ್ಪಿದರು.

ನಾನು ಕರೆದುಕೊಂಡು ಹೋದದ್ದು ವಿಶಾಲಾಕ್ಷಮ್ಮನವರನ್ನು. (ಹೆಸರು ಬದಲಿಸಿದ್ದೇನೆ. ಊರು ಬದಲಿಸಿಲ್ಲ, ಬದಲಿಸಿದರೆ ಅವರಿಗೆ ಕೋಪ ಬರುತ್ತದೆ.) ಅಜ್ಜಂಪುರದಲ್ಲಿ ಗಂಡ ಹೆಂಡತಿ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ತವರು ಶಿವನಿಯ ಹತ್ತಿರದ ಹಳ್ಳಿ. ತಂದೆ ತೀರಿಕೊಂಡಿದ್ದರು, ಅವರ ಹೆಸರಿನಲ್ಲಿದ್ದ ತೆಂಗಿನ ತೋಟದ ಖಾತೆಯನ್ನು ಅಣ್ಣ ಮರುಳಪ್ಪ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದರು. ಅದಕ್ಕೆ ತಂಗಿ ತನ್ನ ಹಕ್ಕು ಬಿಟ್ಟೆ ಎಂದು ಬರೆದುಕೊಡಬೇಕು. ಪತ್ರ ಟೈಪ್ ಮಾಡಿಸಿ, ಯಾರದೋ ಕೈಯಲ್ಲಿ ಕಳಿಸಿ, ‘ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸೈನ್ ಹಾಕಿ ಹೋಗೋಕೆ ಹೇಳು’ ಅಂದಿದ್ದರು. ಸೈನ್ ಹಾಕಲೋ, ಕೇಸ್ ಹಾಕಲೋ ಎಂದು ಕೇಳಲು ವಿಶಾಲಾಕ್ಷಮ್ಮ ನನ್ನ ಆಫೀಸಿಗೆ ಬಂದದ್ದು ಅದೇ ವಾರ.

‘ಕಾಲೇಜು ಮಕ್ಕಳ ಮುಂದೆ ಇದನ್ನೆಲ್ಲ ಹೇಳ್ತೀರಾ?’ ಎಂದು ಕೇಳಿದೆ.

‘ಹೇಳ್ತೀನಿ ಬಿಡಿ ಲಾಯರಮ್ಮ. ನಮ್ಮೂರೋರು ಯಾರೂ ಇರಲ್ಲ ತಾನೇ?’

ಹಾಲ್‌ನಲ್ಲಿ ಏನಾಯಿತು ಅಂತೀರಿ? ಹುಡುಗರು ಪ್ರಶ್ನೆ ಕೇಳಿದರು. ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು, ಸುಳ್ಳು ಹೇಳಬಾರದು. ಸರ್ವೆ ನಂಬರ್ ಏನು? ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಬೇರೆ ವಾರಸುದಾರರಿದ್ದಾರೋ? ವಿಶಾಲಾಕ್ಷಮ್ಮ ಉತ್ತರ ಕೊಡುತ್ತಾ ಕೊಡುತ್ತಾ, ಬೋರ್ ಕೊರೆಸಿದ ವರ್ಷ ತೋಟದಲ್ಲಿ ಅಪ್ಪ ತನ್ನನ್ನೂ ಅಣ್ಣನನ್ನೂ ನಿಲ್ಲಿಸಿಕೊಂಡು ಏನೋ ಹೇಳಿದ್ದರು ಎಂದು ಶುರು ಮಾಡಿದರು. ಮುಂದಿನ ಸಾಲಿನ ಒಬ್ಬಳು ಹುಡುಗಿ ತಡೆದಳು: ‘ಆಂಟಿ, ರಿಲೆವೆಂಟ್ ಇರೋದು ಮಾತ್ರ ಹೇಳಿ.’ ವಿಶಾಲಾಕ್ಷಮ್ಮ ಬಾಯಿ ಮುಚ್ಚಿಕೊಂಡರು.

ಆಮೇಲೆ ಎರಡು ತಂಡವಾಯಿತು. ಹೆಣ್ಣುಮಕ್ಕಳಿಗೆ ಸಮಪಾಲು ಇದೆ, ತಕ್ಷಣ ವಿಭಾಗದ ದಾವೆ ಹಾಕಿ, ಸ್ಟೇ ತನ್ನಿ ಎಂದು ಒಂದು ತಂಡ. ಸಂಬಂಧ ಮುಖ್ಯ, ಸೈನ್ ಹಾಕಿಬಿಡಿ ಎಂದು ಇನ್ನೊಂದು. ಜಗಳ ಇಂಗ್ಲಿಷಿಗೆ ತಿರುಗಿತು. ಅದು ಯಾರ ತೋಟ, ಯಾರ ಅಣ್ಣ ಎಂಬುದು ಎಲ್ಲರಿಗೂ ಮರೆತೇ ಹೋಯಿತು. ವಿಶಾಲಾಕ್ಷಮ್ಮ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕಡೆಯವರನ್ನು ನೋಡುತ್ತಿದ್ದರು. ಬಾಗಿನದ ಪ್ರಶ್ನೆ ಕೇಳಿದ್ದು ಆಗ. ಚೇತನ್ ತನ್ನ ಘನವಾದ ಉತ್ತರ ಕೊಟ್ಟದ್ದೂ ಆಗಲೇ.

ಆ ಉತ್ತರ ಕೇಳಿ ಅವರು ಎದ್ದು ನಿಂತರು.

‘ನಂಗೆ ಪಾಲೂ ಬೇಕು ಕಣಪ್ಪಾ, ತವರೂ ಬೇಕು. ಎರಡೂ ಉಳಿಸಿಕೊಡೋರು ಯಾರಾದ್ರೂ ಇದ್ರೆ ಹೇಳಿ. ಇಲ್ಲಾಂದ್ರೆ ಸೋಮವಾರ ಹೋಗಿ ಸೈನ್ ಹಾಕ್ಬತ್ತೀನಿ.’

ಆ ದಿನ ಟ್ರೋಫಿ ಯಾರಿಗೂ ಕೊಡಲಿಲ್ಲ. (ಪ್ರಿನ್ಸಿಪಾಲರ ಕಪಾಟಿನಲ್ಲಿ ಇನ್ನೂ ಇದೆಯಂತೆ.)

ನನಗೆ ಹುಡುಗರ ಮೇಲೆ ಸಿಟ್ಟಿಲ್ಲ. ಪಾಪ, ಅವರಿಗೆ ಮೊದಲ ದಿನದಿಂದ ಕಲಿಸಿರುವುದೇ ಒಂದು ಪಕ್ಷ ಹಿಡಿಯುವುದನ್ನು. ಎದುರಿಗೆ ಕೂತವರಿಗೆ ಏನು ಬೇಕು ಎಂದು ಕೇಳುವುದನ್ನು ಯಾರೂ ಕಲಿಸಿಲ್ಲ. ಐದು ವರ್ಷ ಓದಿ ಬರುತ್ತಾರೆ, ಇಂಟರ್ನ್‌ಶಿಪ್ ಎಂದು ನಮ್ಮ ಆಫೀಸಿಗೂ ಬರುತ್ತಾರೆ. ಬಂದ ಮೊದಲ ದಿನವೇ ಕೇಳುವುದು: ‘ಮೇಡಂ, ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ?’ ಕೋರ್ಟಿಗೆ ಹೋಗಿ ನೋಡಿದ್ದನ್ನು ಡೈರಿಯಲ್ಲಿ ಬರೆಯಬೇಕು ಎಂಬ ನಿಯಮವೇನೋ ಇದೆ. ಒಬ್ಬ ಬರೆಯುತ್ತಾನೆ, ಉಳಿದವರು ನೋಡಿಕೊಂಡು ಬರೆಯುತ್ತಾರೆ. ಬೈಕ್ ಲೈಸೆನ್ಸ್ ಕೊಡುವಾಗಲೂ ‘ಎಂಟು ಹಾಕಿ ತೋರಿಸು’ ಅನ್ನುತ್ತಾರಲ್ಲ, ಲಾಯರ್ ಲೈಸೆನ್ಸಿಗೆ ಅಷ್ಟೂ ಬೇಡವೇ?

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಚೇತನ್ ಹಿಂದೆಯೇ ಬಂದ. ಕೋಟು ಕೈಯಲ್ಲಿತ್ತು.

‘ಮೇಡಂ, ನಾನ್ ಹೇಳಿದ್ದು ತಪ್ಪಾ?’

‘ತಪ್ಪಲ್ಲಪ್ಪ. ಸಾಲದು.’

‘ಮತ್ತೆ ಏನ್ ಹೇಳ್ಬೇಕಿತ್ತು?’

‘ನಂಗೂ ಗೊತ್ತಿಲ್ಲ. ಭಾನುವಾರ ಅವರಣ್ಣನ್ನ ನೋಡೋಕೆ ಶಿವನಿಗೆ ಹೋಗ್ತಿದ್ದೀನಿ. ಬರ್ತೀಯಾ?’

ಬಂದ. ಕಡೂರಿನಿಂದ ಪ್ಯಾಸೆಂಜರ್ ರೈಲು ಹತ್ತಿದೆವು. ಕೋಟು, ಬ್ಯಾಂಡ್ ಎಲ್ಲ ಬ್ಯಾಗಿನಲ್ಲಿಡು ಅಂದೆ. ತೀರ್ಪುಗಳ ದಪ್ಪ ಪ್ರಿಂಟ್‌ಔಟ್ ತಂದಿದ್ದ, ಅದನ್ನೂ ಒಳಗಿಡಿಸಿದೆ. ವಿಶಾಲಾಕ್ಷಮ್ಮ ಬರಲಿಲ್ಲ. ‘ನಾನು ಬಂದ್ರೆ ಮಾತಿಗಿಂತ ಮುಂಚೆ ಅಳು ಬತ್ತದೆ. ನೀವೇ ಹೋಗ್ಬನ್ನಿ, ಕೇಸ್ ಮಾತ್ರ ಮೊದ್ಲೇ ಎತ್ಬೇಡಿ’ ಅಂದಿದ್ದರು.

ಮರುಳಪ್ಪನವರ ಮನೆ ಮುಟ್ಟಿದಾಗ, ನಾವು ಎತ್ತುವ ಮುಂಚೆ ಅವರೇ ಎತ್ತಿದರು. ‘ಏನ್ರೀ, ಕೇಸ್ ಹಾಕ್ಸಿದ್ಲಾ?’

‘ಇಲ್ಲ. ಮಾತಾಡ್ಕೊಂಡು ಹೋಗೋಣ ಅಂತ ಬಂದ್ವಿ’ ಅಂದೆ.

ಕಾಫಿ ಬಂತು. ಮಾತು ಬರಲಿಲ್ಲ. ಮರುಳಪ್ಪ ಗೋಡೆ ನೋಡುತ್ತಾ ಕೂತರು, ನಾನು ಲೋಟ ನೋಡುತ್ತಾ ಕೂತೆ. ಚೇತನ್ ಒಮ್ಮೆ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದ. ಮುಗಿಯಿತು ಕಥೆ, ಈಗ ತೀರ್ಪು ಓದುತ್ತಾನೆ ಅಂದುಕೊಂಡೆ. ಆದರೆ ಕೈ ತೆಗೆದು ಅವನು ಕೇಳಿದ್ದು ಬೇರೆ: ‘ಅಂಕಲ್, ತೋಟ ನೋಡ್ಬೋದಾ?’

ಕೂತು ಮಾತಾಡದ ಮನುಷ್ಯ ತೋಟದಲ್ಲಿ ನಡೆಯುತ್ತಾ ಎಲ್ಲ ಹೇಳಿದರು. ಇಡೀ ತೋಟಕ್ಕೆ ಇರುವುದು ಒಂದೇ ಬೋರು. ತಂಗಿ ಹೆಸರಿಗೆ ಪಾಲು ಹೋದರೆ, ನಾಳೆ ಅವಳ ಮಕ್ಕಳು ಯಾರಿಗೋ ಮಾರಿಬಿಟ್ಟರೆ? ಹೊರಗಿನವನು ಬಂದು ಬೋರಿನ ನೀರಿಗೆ ಕೈ ಹಾಕಿದರೆ?

‘ಪಾಲು ಕೊಡಲ್ಲ ಅಂತ ನಾನ್ಯಾವತ್ತಂದೆ? ನೀರು ಯಾರ್ದು ಅನ್ನೋದು ಮೊದ್ಲು ಗೊತ್ತಾಗ್ಲಿ. ನಮ್ಮಪ್ಪ ಬೋರ್ ಕೊರ್ಸಿದ್ ದಿನಾನೇ ಹೇಳಿದ್ರು, ಈ ನೀರು ಇಬ್ಬರಿಗೂ ಸೇರಿದ್ದು, ಮೂರನೆಯವನಿಗೆ ಹೋಗ್ಬಾರ್ದು ಅಂತ.’

ಚೇತನ್ ಥಟ್ಟನೆ ನಿಂತ. ನನ್ನ ಮುಖ ನೋಡಿದ. ಅವತ್ತು ವಿಶಾಲಾಕ್ಷಮ್ಮ ಹೇಳಲು ಹೊರಟು, ರಿಲೆವೆಂಟ್ ಅಲ್ಲ ಎಂದು ತಡೆಸಿಕೊಂಡ ಮಾತು ಇದೇ. ಇಡೀ ವ್ಯಾಜ್ಯದ ಬುಡ ಅಲ್ಲಿತ್ತು.

ಮುಂದಿನದು ಚೇತನ್‌ನದೇ ಕೆಲಸ. ‘ಅಂಕಲ್, ಮಾರೋದಾದ್ರೆ ಮೊದ್ಲು ನಿಮಗೇ ಕೇಳ್ಬೇಕು ಅಂತ ಪತ್ರದಲ್ಲಿ ಬರೆದ್ರೆ? ನೀರಿನ ಸರದಿನೂ ಬರೆದ್ಬಿಟ್ರೆ?’ ಐದು ವರ್ಷ ಓದಿದ ಕಾನೂನು ಆಗ ಉಪಯೋಗಕ್ಕೆ ಬಂತು ನೋಡಿ. ಅದೆಲ್ಲ ಅವನ ತಲೆಯಲ್ಲಿ ಮೊದಲೇ ಇತ್ತು. ಎಲ್ಲಿ ಹಾಕಬೇಕು ಎಂದು ತೋರಿಸುವವರು ಇರಲಿಲ್ಲ ಅಷ್ಟೇ.

ಮರುಳಪ್ಪ ಒಂದು ಒಣಗರಿಯನ್ನು ಎಳೆದು ಪಕ್ಕಕ್ಕೆ ಹಾಕಿದರು. ‘ಬರ್ಕೊಂಡ್ ಬನ್ನಿ, ನೋಡಾನ. ಸೋಮವಾರದ್ದು ಬಿಡ್ರಿ’ ಅಂದರು. ಹೊರಡುವಾಗ ನಾನು ಮೆಲ್ಲಗೆ ಕೇಳಿದೆ, ಹಬ್ಬ ಹತ್ತಿರ ಬಂತಲ್ಲ ಎಂದು. ‘ವಕೀಲರನ್ನ ಮನೆಗೆ ಕಳಿಸಿದೋಳಿಗೆ ಬಾಗಿನ ಬೇರೆ ತಗೊಂಡ್ ಹೋಗ್ಬೇಕಾ? ಊರಲ್ಲಿ ಏನಂತಾರೆ?’ ಅಂದರು.

ಪಾಲುಪಟ್ಟಿಯ ಮೊದಲ ಡ್ರಾಫ್ಟ್ ಚೇತನ್ ಬರೆದ. ಭಾಷೆ ಚೆನ್ನಾಗಿತ್ತು, ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಸರಿಯಿತ್ತು, ತೋಟದ ಆ ತುದಿಯ ಭಾಗ ವಿಶಾಲಾಕ್ಷಮ್ಮನಿಗೆ ಎಂದಿತ್ತು. ಅಲ್ಲಿಗೆ ಹೋಗಲು ದಾರಿಯೇ ಬರೆದಿರಲಿಲ್ಲ. ‘ಆ ತುದಿಗೆ ಅವರು ಹೆಲಿಕಾಪ್ಟರ್‌ನಲ್ಲಿ ಹೋಗ್ಬೇಕೇನೋ?’ ಎಂದು ವಾಪಸ್ ಕಳಿಸಿದೆ. ನನಗೂ ಹೇಳದೆ ಒಬ್ಬನೇ ಶಿವನಿಗೆ ಹೋಗಿ, ಟ್ರ್ಯಾಕ್ಟರ್ ಎಲ್ಲಿ ತಿರುಗುತ್ತದೆ ಎಂದು ನೋಡಿಕೊಂಡು, ಪ್ಯಾಂಟಿಗೆ ಕೆಸರು ಮೆತ್ತಿಕೊಂಡು ಬಂದ. ಎರಡನೆಯ ಡ್ರಾಫ್ಟಿನಲ್ಲಿ ದಾರಿ ಬಂತು, ನೀರು ಬಂತು, ಮಾರುವಾಗಿನ ಷರತ್ತು ಬಂತು.

‘ಮೇಡಂ, ಬಾಗಿನಕ್ಕೂ ಒಂದು ಷರತ್ತು ಹಾಕ್ಬೋದಾ?’

‘ಪತ್ರದಲ್ಲಿ ಬರೆಸಿಕೊಂಡು ತರೋದು ಬಾಗಿನ ಆಗಲ್ಲ ಕಣೋ.’

ನೀವು ಕೇಳಬಹುದು, ಲಾಯರ್ ಕೆಲಸ ಕೇಸ್ ನಡೆಸುವುದಲ್ಲವೇ, ಅಣ್ಣ ತಂಗಿಯ ನಡುವೆ ಇವರಿಗೇನು ಕೆಲಸ ಎಂದು. ಎಲ್ಲವೂ ರಾಜಿಯಾಗಲಿ ಎಂದು ನಾನು ಹೇಳುತ್ತಿಲ್ಲ. ಮರುಳಪ್ಪ ಒಪ್ಪದೇ ಹೋಗಿದ್ದರೆ, ಸೈನ್ ಹಾಕಬೇಡಿ ಎಂದು ವಿಶಾಲಾಕ್ಷಮ್ಮನಿಗೆ ಕೈಮುಗಿದು ಹೇಳಿ ನಾನೇ ದಾವೆ ಹಾಕುತ್ತಿದ್ದೆ. ತವರಿನ ಆಸೆಗೆ ಹೆಣ್ಣುಮಕ್ಕಳು ಒಂದು ಸೀರೆ ಇಸಿದುಕೊಂಡು ಪಾಲು ಬಿಟ್ಟುಕೊಡುವುದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ. ಆದರೆ ದಾವೆ ಹಾಕುವುದೋ ಬೇಡವೋ ಎಂದು ತಿಳಿಯಬೇಕಾದರೂ ಮೊದಲು ಕೇಳಿಸಿಕೊಳ್ಳಬೇಕು. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಜೀವಂತ ಕಕ್ಷಿದಾರರನ್ನು ಒಪ್ಪಿಸಿ, ಜೊತೆಗೆ ಅನುಭವಸ್ಥ ವಕೀಲರೊಬ್ಬರಿರಲಿ. ಮೊದಲ ಮಾತಿನಿಂದ ಕೊನೆಯ ಸಹಿಯವರೆಗೆ ಅವರ ಜೊತೆ ಓಡಾಡಲಿ. ಕನ್ನಡದಲ್ಲಿ ಮಾತಾಡಲಿ, ಕನ್ನಡದಲ್ಲಿ ಡ್ರಾಫ್ಟ್ ಬರೆಯಲಿ, ಜಮೀನು ತುಳಿಯಲಿ. ಇದಕ್ಕೆ ಹೊಸ ಕಟ್ಟಡ ಬೇಕಾ? ಒಂದು ರೈಲು ಟಿಕೆಟ್ ಸಾಕು. ಆಗುತ್ತದೆ, ನಾನು ನೋಡಿದ್ದೇನೆ.

ಪಾಲುಪಟ್ಟಿ ರಿಜಿಸ್ಟರ್ ಆಯಿತು. ಮರುಳಪ್ಪ ಬಂದರು, ಸಹಿ ಹಾಕಿದರು, ಫೋಟೋಗೆ ಕೂತರು, ತಂಗಿಗೆ ‘ಚೆನ್ನಾಗಿದೀಯಾ’ ಅಂದಷ್ಟೇ ಹೇಳಿ ಬೈಕ್ ಹತ್ತಿ ಹೋದರು. ವಿಶಾಲಾಕ್ಷಮ್ಮ ಪತ್ರವನ್ನು ಬ್ಯಾಗಿಗೆ ಹಾಕಿಕೊಂಡು ರಸ್ತೆ ನೋಡುತ್ತಾ ನಿಂತರು. ಪಾಲು ಸಿಕ್ಕಿತ್ತು. ಇನ್ನೊಂದು?

ಗೌರಿ ಹಬ್ಬದ ದಿನ ಮಧ್ಯಾಹ್ನ ಚೇತನ್ ಫೋನ್ ಬಂತು. ಹಬ್ಬದ ಶುಭಾಶಯ ಇಲ್ಲ, ನಮಸ್ಕಾರ ಇಲ್ಲ.

‘ಮೇಡಂ, ಬಾಗಿನ ಬಂತಾ?’

ನನಗೂ ಗೊತ್ತಿರಲಿಲ್ಲ. ಅಜ್ಜಂಪುರಕ್ಕೆ ಫೋನ್ ಮಾಡಿದೆ. ಹಬ್ಬಕ್ಕೆ ಗಿರಣಿ ನಿಲ್ಲಿಸಿದ್ದರು, ಮಾತು ಸ್ಪಷ್ಟವಾಗಿ ಕೇಳಿತು. ‘ಅಣ್ಣ ಬಾಗಿನ ತಗೊಂಡ್ ಬಂದವ್ರೆ ಲಾಯರಮ್ಮ. ಅತ್ತಿಗೇನೂ ಕರ್ಕೊಂಡ್ ಬಂದವ್ರೆ. ಊಟಕ್ಕೆ ಕೂತವ್ರೆ. ಬಂದಾಗಿಂದ ನೀರಿನ್ ಸರದಿ ಬಗ್ಗೇನೇ ಗೊಣಗ್ತಾವ್ರೆ.’

ಚೇತನ್‌ಗೆ ತಿಳಿಸಿದೆ. ‘ಸದ್ಯ’ ಅಂದ. ಒಂದು ದಿನ ಬಿಟ್ಟು ಅವನಿಗೆ ಪರೀಕ್ಷೆ ಇತ್ತಂತೆ. ಯಾವ ಪೇಪರ್ ಎಂದು ಕೇಳಿದೆ. ರಾಜಿ ಸಂಧಾನದ್ದು. ‘ಸಂಧಾನ ಎಂದರೇನು? ಅದರ ವಿಧಗಳನ್ನು ವಿವರಿಸಿ’ ಎಂಬ ಪ್ರಶ್ನೆ ಬಂದೇ ಬರುತ್ತದಂತೆ, ಬಾಯಿಪಾಠ ಮಾಡುತ್ತಿದ್ದ.

‘ಬಾಗಿನ ಬಂತಾ’ ಎಂದು ಕೇಳಿದ್ದಕ್ಕೆ ಆ ಪೇಪರಿನಲ್ಲಿ ಎಷ್ಟು ಮಾರ್ಕ್ಸ್ ಇಟ್ಟಿದ್ದೀರಿ, ಸ್ವಾಮಿ?